ಮೂರು ಪೆಟ್ಟಿಗೆ, ಒಂದು ಹೆಸರು

ಧೈರ್ಯವಂತರು ಮಾಡುವ ಹಾನಿಯ ಬಗ್ಗೆ ಪತ್ರಿಕೆಯಲ್ಲಿ ದಿನವೂ ಓದುತ್ತೇವೆ. ನಾಚಿಕೆಯವರು ಮಾಡುವ ಹಾನಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆಯಬೇಕಾದವರೇ ನಾಚಿಕೆಯವರು; ಅವರೆಲ್ಲಿ ಬರೆದಾರು? ನಾನು ಹುಟ್ಟಿನಿಂದ ಆ ಪಂಗಡದವಳು. ಮಮದಾಪುರದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಆ ಏಳು ವರ್ಷಗಳಲ್ಲಿ ನನ್ನ ಧ್ವನಿ ಹೇಗಿದೆಯೆಂದು ಮಾಸ್ತರರಿಗೆ ಗೊತ್ತಾಗಲಿಲ್ಲ. ಹಾಜರಿ ಕರೆದಾಗಲೂ ಪಕ್ಕದಲ್ಲಿ ಕೂತ ಹುಡುಗಿಯೇ "ಬಂದಾಳ್ರಿ ಮಾಸ್ತರ" ಎಂದು ನನ್ನ ಪರವಾಗಿ ಕೂಗುತ್ತಿದ್ದಳು. ಆಕೆ ಜ್ವರ ಬಂದು ಮಲಗಿದ ದಿನ ನನಗೂ ಗೈರುಹಾಜರಿ ಬೀಳುತ್ತಿತ್ತು. ಮುಂದೆ ಕೂತಿದ್ದ ನನ್ನನ್ನು ಮಾಸ್ತರರು ನೋಡುತ್ತಿದ್ದರು, ನಾನೂ ಅವರನ್ನು ನೋಡುತ್ತಿದ್ದೆ, ಆದರೂ ಗೈರುಹಾಜರಿ.

ಮೊಮ್ಮಕ್ಕಳೇ, ಗೋಕಾಕದವರು, ಮೂಡಲಗಿಯವರು, ಹುಕ್ಕೇರಿಯವರು, ಎಲ್ಲರಿಗೂ ಕೂಡಿಯೇ ಹೇಳುತ್ತೇನೆ. ಬಾಯಲ್ಲಿ ಹೇಳಲು ಒಮ್ಮೆ ಪ್ರಯತ್ನಿಸಿದೆ, ಅದು ಏನಾಯಿತೆಂದು ಮುಂದೆ ಬರುತ್ತದೆ. ನಿಮ್ಮ ಅಜ್ಜ ನಲವತ್ತು ವರ್ಷ ತೆಗೆದ ಫೋಟೊಗಳು ಹೋದದ್ದು ನನ್ನ ಕೈಯಿಂದ. ಮನೆಯಲ್ಲಿ ಇನ್ನೊಬ್ಬರ ಹೆಸರು ಹೇಳುತ್ತಾರೆ. ಅದು ಸುಳ್ಳು.

ಅಜ್ಜನ ಸ್ಟುಡಿಯೊ ನೀವೆಲ್ಲ ನೋಡಿದ್ದೇ. ಸ್ಟುಡಿಯೊ ಎಂದರೆ ಸಂತೋಷದ ಜಾಗ ಎಂದು ಹೊರಗಿನವರು ತಿಳಿಯುತ್ತಾರೆ. ಒಳಗೆ ಕೂತವರಿಗೆ ಗೊತ್ತು, ಮದುವೆಯ ಫೋಟೊ ಬೇಗ ಕೊಡಿ ಎಂದು ಅವಸರಿಸುವವರಿಗಿಂತ ಸತ್ತವರ ಫೋಟೊ ಹುಡುಕಿಕೊಂಡು ಬರುವವರೇ ಹೆಚ್ಚು. ಹಳ್ಳಿಯಲ್ಲಿ ಮನುಷ್ಯನಿಗೆ ತನ್ನದೇ ಒಂದು ಫೋಟೊ ಇರುವುದು ಅಪರೂಪ. ಯಾರದೋ ಮದುವೆಯಲ್ಲಿ ಮೂರನೆಯ ಸಾಲಿನಲ್ಲಿ ಕುತ್ತಿಗೆ ಉದ್ದ ಮಾಡಿ ನಿಂತಿರುತ್ತಾನೆ, ಅಷ್ಟೇ. ಅವನು ತೀರಿಕೊಂಡ ಮೇಲೆ ಮನೆಯವರು ಬಂದು ಆ ಮುಖವನ್ನು ಕತ್ತರಿಸಿ, ಯಾವುದೋ ಕೋಟಿನ ಮೇಲೆ ಕೂಡಿಸಿ, ದೊಡ್ಡದು ಮಾಡಿ, ಹಾರ ಹಾಕುವಂತೆ ಕಟ್ಟು ಹಾಕಿಸಿಕೊಳ್ಳುತ್ತಾರೆ. ಜೀವಮಾನವಿಡೀ ಧೋತರ ಉಟ್ಟವರು ಗೋಡೆಯ ಮೇಲೆ ಕೋಟು ತೊಟ್ಟು ಕೂರುವುದು ಹೀಗೆ. ಒಮ್ಮೆ ಒಬ್ಬ ಹಿರಿಯರ ಹೆಗಲ ಮೇಲೆ ಯಾರದೋ ಕೈ ಉಳಿದುಬಿಟ್ಟಿತ್ತು. ಎಷ್ಟು ಮಾಡಿದರೂ ತೆಗೆಯಲಾಗಲಿಲ್ಲ. ಅಜ್ಜ ಹಿಂಜರಿಯುತ್ತ ಹಾಗೆಯೇ ಕೊಟ್ಟರು. ಮನೆಯವರು ನೋಡಿ, "ಇರವಲ್ದ್ಯಾಕ ಬಿಡ್ರಿ, ಅದು ಅವರ ದೋಸ್ತನ ಕೈ. ಅವನೂ ಹ್ವಾದ," ಎಂದು ತೆಗೆದುಕೊಂಡು ಹೋದರು.

ಈ ಎಲ್ಲ ಮುಖಗಳ ನೆಗೆಟಿವ್‌ಗಳು ತಗಡಿನ ಡಬ್ಬಿಗಳಲ್ಲಿ ಇದ್ದವು. ಹೊಳೆಯ ನೀರು ಅಂಗಡಿಗೆ ನುಗ್ಗಿದ ವರ್ಷ ಡಬ್ಬಿಗಳೆಲ್ಲ ಮುಳುಗಿ, ನೆಗೆಟಿವ್‌ಗಳು ಹಸಿ ಹಪ್ಪಳದಂತೆ ಒಂದಕ್ಕೊಂದು ಅಂಟಿಕೊಂಡವು. ಅಜ್ಜ ಅವನ್ನು ಒಂದೊಂದಾಗಿ ಬಿಡಿಸಿ, ತೊಳೆದು, ನಾನು ಸೀರೆ ಒಣಹಾಕುವ ಹಗ್ಗಕ್ಕೆ ಚಿಮಟಿಗೆ ಸಿಕ್ಕಿಸಿ ಒಣಗಿಸಿದರು. ಒಂದು ತಿಂಗಳು ನನ್ನ ಸೀರೆಗಳು ಕುರ್ಚಿಯ ಬೆನ್ನ ಮೇಲೆ ಒಣಗಿದವು. ಆಮೇಲೆ ಎರಡು ವರ್ಷ ಕೆಮ್ಮುತ್ತ ಕೂತು, ಉಳಿದಷ್ಟನ್ನು ಸ್ಕ್ಯಾನ್ ಮಾಡಿದರು. ನೆಗೆಟಿವ್‌ಗಳು ಬೂಷ್ಟು ಹಿಡಿಯುತ್ತ ಬಂದವು. ಸ್ಕ್ಯಾನ್ ಆದದ್ದನ್ನು ಎಸೆದರು. ಕಂಪ್ಯೂಟರ್ ತುಂಬಿದಾಗ ಎಲ್ಲವನ್ನೂ ಬ್ಯಾಕಪ್ ಪೆಟ್ಟಿಗೆಗೆ ಸಾಗಿಸಿ, "ಇನ್ನ ಚಿಂತಿಲ್ಲ. ಎಲ್ಲಾರೂ ಪೆಟ್ಟಿಗ್ಯಾಗ ಅದಾರ," ಎಂದರು. ಅದೇ ವರ್ಷ ತಾವೂ ಹೋದರು.

ಪೆಟ್ಟಿಗೆ ಎಂದು ನಾನು ಕರೆಯುವುದು ಬ್ಯಾಕಪ್ ಸರ್ವರ್ ಎನ್ನುವ ಯಂತ್ರವನ್ನು. ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದರದ್ದೇ ಇನ್ನೊಂದು ಪ್ರತಿಯನ್ನು ದಿನವೂ ತನ್ನೊಳಗೆ ಇಟ್ಟುಕೊಳ್ಳುವುದು ಅದರ ಕೆಲಸ. ನಮ್ಮಲ್ಲಿ ಅಂಥವು ಮೂರು. ಗೋಕಾಕದ ಅಂಗಡಿ ನನ್ನ ಮಗ ಮಹಾಂತೇಶನದು. ಮೂಡಲಗಿಯದು ಅಜ್ಜನ ತಮ್ಮ, ನನ್ನ ಮೈದುನ ಈರಪ್ಪನದು. ಹುಕ್ಕೇರಿಯದು ಮಗಳು ಸುನಂದಾಳದು. ಮೂರೂ ಅಂಗಡಿಗೆ ಬೋರ್ಡು ಒಂದೇ, ಆದರೆ ಪೆಟ್ಟಿಗೆಗಳಿಗೆ ಒಂದರ ಪರಿಚಯ ಇನ್ನೊಂದಕ್ಕೆ ಇರಲಿಲ್ಲ. ಪ್ರತಿಯೊಂದೂ ತನ್ನ ಯಜಮಾನರ ಸ್ವಭಾವಕ್ಕೆ ಹೊಂದಿಕೊಂಡು ಹಾಳಾಗುತ್ತಿತ್ತು. ಸುನಂದಾ ಸಂಜೆ ಅಂಗಡಿ ಮುಚ್ಚುವಾಗ ಎಲ್ಲ ಗುಂಡಿಗಳನ್ನೂ ಆರಿಸಿ ಹೋಗುವ ಶಿಸ್ತಿನ ಹೆಂಗಸು. ಪೆಟ್ಟಿಗೆ ಕೆಲಸ ಮಾಡಬೇಕಾದದ್ದು ಅಂಗಡಿ ಮುಚ್ಚಿದ ಮೇಲೆಯೇ. ಹೀಗಾಗಿ ಅದು ಹೊಸದಾಗಿ ಬಂದಾಗ ಹೇಗಿತ್ತೋ ಹಾಗೇ ಖಾಲಿ ಇತ್ತು. ಈರಪ್ಪನಿಗೆ ಯಂತ್ರದ ಮೇಲೆ ನಂಬಿಕೆ ಇರಲಿಲ್ಲ. ಅದು ಮಾಡಿದ ಪ್ರತಿಯ ಪಕ್ಕಕ್ಕೆ ತಾನೂ ಕೈಯಿಂದ ಒಂದು ಪ್ರತಿ ಮಾಡಿ, "ಹೊಸಾದು" ಎಂದು ಹೆಸರಿಡುತ್ತಿದ್ದ. ಮರುದಿನ "ಖರೆ ಹೊಸಾದು", ವಾರದ ಮೇಲೆ "ಕಡೀದು", ಆಮೇಲೆ "ಕಡೀದು ಇದ". ಯಾರದಾದರೂ ಮದುವೆಯ ವಿಡಿಯೊ ಬೇಕೆಂದರೆ, ಈ ಎಲ್ಲದರಲ್ಲೂ ಬೇರೆ ಬೇರೆ ನಿಮಿಷಕ್ಕೆ ತಾಳಿ ಕಟ್ಟುತ್ತಿದ್ದ ಅದೇ ಮದುಮಗ ಸಿಗುತ್ತಿದ್ದ.

ಇನ್ನು ಗೋಕಾಕದ ಪೆಟ್ಟಿಗೆ. ಅದು ಅಂಗಡಿಯ ಒಳಕೋಣೆಯಲ್ಲಿ ಇತ್ತು, ನಾನು ಮೇಲಿನ ಮನೆಯಲ್ಲಿ. ಹೀಗಾಗಿ ಅದರ ಆರೈಕೆ ನನ್ನದು. ದೀಪ ಹಸಿರು ಇದೆಯೇ ಎಂದು ದಿನಕ್ಕೆರಡು ಸಲ ನೋಡಬೇಕು, ಕೆಂಪಾದರೆ ಮಹಾಂತೇಶನಿಗೆ ಹೇಳಬೇಕು, ಅಷ್ಟೇ. ಆದರೆ ಎಲ್ಲಾರೂ ಅದರಲ್ಲಿದ್ದಾರೆ ಎಂದು ನಿಮ್ಮ ಅಜ್ಜ ಹೇಳಿ ಹೋಗಿದ್ದರಲ್ಲ, ನನಗೆ ಅದನ್ನು ಬರೀ ಯಂತ್ರವೆಂದು ನೋಡುವುದು ಆಗಲಿಲ್ಲ. ದೂಳು ಬೀಳಬಾರದೆಂದು ದಾರದಲ್ಲಿ ಒಂದು ಹೊದಿಕೆ ಹೆಣೆದು ಮೇಲಿಂದ ಕೆಳಗಿನವರೆಗೆ ಹೊದಿಸಿದೆ, ಅಂಚಿಗೆ ಗೊಂಡೆಯನ್ನೂ ಹಚ್ಚಿದೆ. ಮೂರನೆಯ ದಿನ ಅದು ಉಸಿರುಗಟ್ಟಿ ಚೀರತೊಡಗಿತು. ಮಹಾಂತೇಶ ಓಡಿ ಬಂದು ಹೊದಿಕೆ ಕಿತ್ತು, "ಅವ್ವಾ, ಇದಕ್ಕ ಥಂಡಿ ಹತ್ತೂದುಲ್ಲ, ಸೆಕಿ ಆಗತೈತಿ!" ಎಂದ. ನನ್ನ ಪ್ರೀತಿ ಯಾರಿಗೂ ಸರಿಯಾದ ಅಳತೆಯಲ್ಲಿ ಸಿಕ್ಕಿಲ್ಲ.

ಈ ಮೂರು ಪೆಟ್ಟಿಗೆಗಳ ಮಾತು ಹಾಗಿರಲಿ, ಅವುಗಳ ಯಜಮಾನರ ಮಾತು ಹೇಳಬೇಕು. ಈರಪ್ಪನೂ ಸುನಂದಾಳೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಕೇಳಿದರೆ ನಗುತ್ತೀರಿ. ಊರಿನವರ ಮುಖಗಳನ್ನೆಲ್ಲ ತೆಗೆದ ಅಜ್ಜನದೇ ಒಂದು ಒಳ್ಳೆಯ ಫೋಟೊ ಮನೆಯಲ್ಲಿ ಇರಲಿಲ್ಲ. ಯಾವಾಗಲೂ ಕ್ಯಾಮೆರಾದ ಹಿಂದೆ ನಿಂತವರು. ಅವರು ತೀರಿಕೊಂಡ ದಿನ ಹಾರ ಹಾಕಲು ಫೋಟೊ ಬೇಕಾದಾಗ, ಈರಪ್ಪ ಒಂದು ಮದುವೆಯ ಗುಂಪಿನಿಂದ ಟೋಪಿ ಹಾಕಿದ ಅಣ್ಣನನ್ನು ಕತ್ತರಿಸಿ ತಂದ. ಸುನಂದಾ ಯಾವುದೋ ಗುರುತಿನ ಚೀಟಿಯಿಂದ ಬೋಳುತಲೆಯ ಅಪ್ಪನನ್ನು ದೊಡ್ಡದು ಮಾಡಿ ತಂದಳು. "ಅಪ್ಪ ಟೊಪಿಗಿ ಹಾಕ್ಕೊಂಡದ್ದು ನಾ ನೋಡೇ ಇಲ್ಲ, ಅದ್ಯಾರದೋ ಫೋಟೊ," ಎಂದಳು. "ನೀ ಹುಟ್ಟೂಕಿಂತ ಮದ್ಲ ನಾ ಅಂವನ್ನ ನೋಡೇನಿ," ಎಂದ ಅವನು. ಅಂದಿನಿಂದ ಮೂಡಲಗಿಯ ಅಂಗಡಿಯಲ್ಲಿ ಟೋಪಿಯ ಅಜ್ಜ, ಹುಕ್ಕೇರಿಯಲ್ಲಿ ಬೋಳುತಲೆಯ ಅಜ್ಜ. ಇಬ್ಬರಿಗೂ ದಿನವೂ ವಿಭೂತಿ, ಹೂವು. ಗೋಕಾಕದಲ್ಲಿ ನಾವು ಯಾರಿಗೂ ಬೇಸರವಾಗದಿರಲೆಂದು ಫೋಟೊವನ್ನೇ ಹಾಕಲಿಲ್ಲ. ಕಾಕಾನ ಮಾತು ಮಗಳಿಗೆ, ಮಗಳ ಮಾತು ಕಾಕಾನಿಗೆ ನನ್ನ ಮೂಲಕವೇ ಹೋಗಬೇಕಿತ್ತು. ನಾನು ನಡುವೆ ಕೆಲವು ಶಬ್ದಗಳನ್ನು ಉದುರಿಸಿ ಮುಟ್ಟಿಸುತ್ತಿದ್ದೆ. ಮನೆತನ ಅಷ್ಟರ ಮೇಲೆ ನಿಂತಿತ್ತು.

ಮೂರು ಊರಿಗೆ ಓಡಾಡಿ ಮಹಾಂತೇಶನಿಗೆ ಸಾಕಾಯಿತು. ಒಂದು ದಿನ ಬೆಳಗಾವಿಯಿಂದ ಒಬ್ಬ ಇಂಜಿನಿಯರನ್ನು ಕರೆತಂದ. ಐವತ್ತು ದಾಟಿದ, ಮಾತು ಕಡಿಮೆ, ಅವಸರ ಹೆಚ್ಚು ಇರುವ ಮನುಷ್ಯ. ಅವರು ಚಹಾ ಕುಡಿಯುತ್ತ ಹೇಳಿದರು: "ಮೂರೂ ಪೆಟ್ಟಿಗಿ ನೆಟ್‌ವರ್ಕಿನ್ಯಾಗ ಜೋಡಿಸಿ ಒಂದ ಮಾಡಿಬಿಡತೇನ್ರಿ. ಒಂದ ಸ್ಕ್ರೀನ್, ಇಲ್ಲೇ ಕುಂತು ಮೂರೂ ನೋಡಬಹುದು. ಒಂದರಾಗ ಇದ್ದದ್ದು ಮೂರರಾಗೂ ಇರತೈತಿ. ಒಂದು ಕೆಟ್ಟರ ಎರಡು ಉಳೀತಾವ."

"ಮತ್ತ ಅವು ಮೂರೂ ಹೊಂದಿಕೊಂಡು ಹೋಗತಾವೇನ್ರಿ?" ಎಂದು ನಾನು ಬಾಗಿಲ ಮರೆಯಿಂದ ಕೇಳಿದೆ. ಇಂಜಿನಿಯರ್ ನಕ್ಕು, "ಅವು ಯಂತ್ರ ಅದಾವ್ರಿ ಅವ್ವಾರ, ಬೀಗರಲ್ಲ," ಎಂದರು.

ಜೋಡಿಸುವಾಗ ಪ್ರತಿ ಪೆಟ್ಟಿಗೆಗೂ ಒಂದು ಹೆಸರು ಕೊಡಬೇಕಂತೆ. ಮೂಡಲಗಿಯದಕ್ಕೆ ಮೂಡಲಗಿ, ಹುಕ್ಕೇರಿಯದಕ್ಕೆ ಹುಕ್ಕೇರಿ ಎಂದು ಇಟ್ಟರು. ಗೋಕಾಕದ್ದಕ್ಕೆ ಮಹಾಂತೇಶ ಅಪ್ಪನ ಹೆಸರು ಇಟ್ಟ. ಎಷ್ಟು ಒಳ್ಳೆಯ ಮಗ ಎಂದು ನನಗೆ ಕಣ್ಣು ತುಂಬಿತು. ಅದರಿಂದ ನನಗೆ ಬರಲಿರುವ ಕಷ್ಟ ಆ ಕ್ಷಣ ಹೊಳೆಯಲಿಲ್ಲ.

ಅದು ಬಂದದ್ದು ಮರುದಿನ ಮಧ್ಯಾಹ್ನ. ಮಹಾಂತೇಶ ಅಂಕಲಗಿಗೆ ಮದುವೆಯ ಶೂಟಿಂಗಿಗೆ ಹೋಗಿದ್ದ. ಇಂಜಿನಿಯರ್ ಇಲ್ಲಿಯ ಕೆಲಸ ಮುಗಿಸಿ, ಕೊನೆಯ ಹೆಜ್ಜೆಯನ್ನು ಯಂತ್ರಕ್ಕೆ ಬಿಟ್ಟು, ಮೂಡಲಗಿಯ ಬಸ್ಸು ಹತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಒಳಕೋಣೆಯಲ್ಲಿ ನಾನೊಬ್ಬಳೇ. ಕೆಲಸ ನಿಂತದ್ದು ಮೊಬೈಲಿನಲ್ಲಿ ಕಂಡಿತೇನೋ, ಬಸ್ಸಿನಿಂದ ಇಂಜಿನಿಯರ ಫೋನು ಬಂತು.

"ಅವ್ವಾರ, ಸ್ಕ್ರೀನ್ ಮ್ಯಾಲೆ ಏನೈತಿ ಹೇಳ್ರಿ."

"ಒಂದು ಉದ್ದ ಖಾನೆ ಐತ್ರಿ. ಖಾಲಿ ಐತಿ."

"ಅದು ಮತ್ತ ಹೆಸರು ಕೇಳಾಕತ್ತೈತ್ರಿ. ಮೂರರಾಗ ಯಾವ ಪೆಟ್ಟಿಗಿ ಖರೆ ಅಂತ ಹಿಡೀಬೇಕು, ಅದರ ಹೆಸರು ಬರೀಬೇಕು. ಉಳದ ಎರಡೂ ಅದರಂಗ ಆಗತಾವ. ಇಂಗ್ಲಿಷ್ ಅಕ್ಷರ ಬರತಾವಲ್ಲ?"

"ಬರತಾವ್ರಿ."

"ಮುಗೀತು ಹಂಗಾರ. ಬಾಜೂಕ ಮೂರೂ ಹೆಸರು ಕಾಣತಾವ. ಗೋಕಾಕದ್ದು ನೋಡಿ ಬರದು, ದೊಡ್ಡ ಗುಂಡಿ ಒತ್ತಿಬಿಡ್ರಿ. ಬಸ್ಸಿನ್ಯಾಗ ಏನೂ ಕೇಳವಲ್ದು, ಇಡತೇನಿ."

ಗೋಕಾಕದ ಪೆಟ್ಟಿಗೆಯ ಹೆಸರೆಂದರೆ ನಿಮ್ಮ ಅಜ್ಜನ ಹೆಸರು.

ನಿಮಗೆ ನಗೆ ಬಂದೀತು. ನಲವತ್ತಾರು ವರ್ಷದ ಸಂಸಾರದಲ್ಲಿ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಡಪಿನಲ್ಲಿ ಮಾತ್ರ. ಹೊಸ ಮದುಮಗಳನ್ನು ಬಾಗಿಲಲ್ಲಿ ತಡೆದು, ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ ಎಂದು ನಾದಿನಿಯರು ಕಾಡಿದಾಗ, ನಾಲ್ಕು ಪ್ರಾಸದ ಸಾಲು ಕಟ್ಟಿ ಕೊನೆಯಲ್ಲಿ ಅದನ್ನು ಹೇಗೋ ಅಡಗಿಸಿದ್ದೆ. ಆಮೇಲೆ ಇಲ್ಲ. ರೇಶನ್ ಕಾರ್ಡಿನ ಕಚೇರಿಯಲ್ಲಿ ಯಜಮಾನರ ಹೆಸರೇನು ಎಂದು ಕೇಳಿದರೆ ಸಾಲಿನಲ್ಲಿ ಹಿಂದೆ ನಿಂತವರ ಮುಖ ನೋಡುತ್ತಿದ್ದೆ. ಯಾರಾದರೂ ಊರಿನವರು ಇದ್ದರೆ ಹೇಳುತ್ತಿದ್ದರು, ಇಲ್ಲದಿದ್ದರೆ ಮರುದಿನ ಮತ್ತೆ ಹೋಗುತ್ತಿದ್ದೆ. ಮನೆಯಲ್ಲಿ ಅವರನ್ನು ಕರೆಯಬೇಕಾದರೆ "ಸುನಂದಾನ ಅಪ್ಪಾ" ಎನ್ನುವುದು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಾಲದವರು ಹೆದರಿಸಿದ್ದರು. ಈಗ ಕಡಿಮೆಯಾಗಲು ಏನು ಉಳಿದಿದೆ, ಬರೆಯಬಹುದಲ್ಲ ಎಂದು ನೀವು ಕೇಳಬಹುದು. ಸರಿಯಾದ ಮಾತು. ನಾನೂ ಆ ಮಧ್ಯಾಹ್ನ ನನಗೆ ನಾನೇ ಅದನ್ನೇ ಹೇಳಿಕೊಂಡೆ. ಮೊದಲನೆಯ ಅಕ್ಷರದ ಮೇಲೆ ಬೆರಳು ಇಟ್ಟೆ ಕೂಡ. ಬೆರಳು ಕೆಳಗೆ ಹೋಗಲಿಲ್ಲ. ಬರೆದುಬಿಟ್ಟರೆ, ಇನ್ನು ಅವರ ಆಯುಷ್ಯದ ಚಿಂತೆ ನನಗಿಲ್ಲ ಎಂದು ನಾನೇ ಸಹಿ ಮಾಡಿದಂತೆ ಅನ್ನಿಸಿತು.

ಪಕ್ಕದವರನ್ನು ಕರೆಯಬಹುದಿತ್ತು. ಕರೆದು ಏನೆಂದು ಹೇಳಲಿ? ಇಂಜಿನಿಯರಿಗೆ ತಿರುಗಿ ಫೋನು ಮಾಡಬಹುದಿತ್ತು. ಬಸ್ಸಿನಲ್ಲಿ ಕೂತ ಗಂಡಸಿಗೆ, ಸ್ವಾಮೀ ನನಗೆ ಗಂಡನ ಹೆಸರು ಬರೆಯಲು ನಾಚಿಕೆ ಎಂದು ಕೂಗಿ ಹೇಳುವುದೇ? ಯಂತ್ರ ಖಾಲಿ ಖಾನೆಯನ್ನು ಮಿಣಕಿಸುತ್ತ ಕಾಯುತ್ತಿತ್ತು. ಆಗ ನನ್ನ ಏಳನೆಯ ಇಯತ್ತೆಯ ಬುದ್ಧಿ ಒಂದು ದಾರಿ ಹುಡುಕಿತು. ಹೇಗೂ ಮೂರೂ ಸೇರಿ ಒಂದೇ ಆಗುತ್ತವೆ ಎಂದಿದ್ದಾರೆ. ಒಂದೇ ಆದ ಮೇಲೆ ಯಾವ ಹೆಸರಿನಿಂದ ಕರೆದರೇನು? ಮಗಳು ಹುಟ್ಟಿದಂದಿನಿಂದ ಅವಳ ಹೆಸರು ಹಿಡಿದು ಅಪ್ಪನನ್ನು ಕರೆದಿದ್ದೇನೆ, ಒಂದು ಸಲವೂ ತಪ್ಪಿ ಬೇರೆ ಯಾರೂ ಬಂದಿಲ್ಲ. ಹುಕ್ಕೇರಿ ಎಂದರೆ ಸುನಂದಾ, ಸುನಂದಾ ಎಂದರೆ ಅವಳ ಅಪ್ಪ. ಹುಕ್ಕೇರಿ ಎಂದು ಒಂದೊಂದೇ ಅಕ್ಷರ ಹುಡುಕಿ ಬರೆದೆ. ದೊಡ್ಡ ಗುಂಡಿ ಒತ್ತಿದೆ. ಯಂತ್ರ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಕೇಳಿತು. ಇಷ್ಟು ವಿನಯದಿಂದ ಕೇಳುವವರಿಗೆ ಇಲ್ಲ ಎನ್ನುವುದು ಹೇಗೆ ಎಂದು, ಹೌದು ಎಂಬುದನ್ನು ಒತ್ತಿದೆ.

ಸ್ವಲ್ಪ ಹೊತ್ತಿನಲ್ಲಿ ಸ್ಕ್ರೀನಿನ ಮೇಲೆ ಮೂರೂ ಪೆಟ್ಟಿಗೆಯ ದೀಪಗಳು ಹಸಿರಾದವು. ಮೂರೂ ಈಗ ಒಂದೇ ಸಮ, ಏನೂ ವ್ಯತ್ಯಾಸವಿಲ್ಲ ಎಂದು ಸ್ಕ್ರೀನು ತೋರಿಸಿತು. ಅದು ಸುಳ್ಳೇನೂ ಹೇಳಲಿಲ್ಲ. ಹುಕ್ಕೇರಿಯ ಪೆಟ್ಟಿಗೆ ಹೇಗೆ ಖಾಲಿ ಇತ್ತೋ, ಉಳಿದೆರಡೂ ಹಾಗೆಯೇ ಖಾಲಿಯಾದವು. ನಾನು ಸಮಾಧಾನದಿಂದ ಮೇಲೆ ಹೋಗಿ ಮಜ್ಜಿಗೆ ಕುಡಿದು ಮಲಗಿದೆ. ಎಷ್ಟೋ ದಿನದ ಮೇಲೆ ಅಂದು ಮಧ್ಯಾಹ್ನ ನನಗೆ ಚೆನ್ನಾಗಿ ನಿದ್ದೆ ಬಂತು.

ಗೊತ್ತಾದದ್ದು ನಾಲ್ಕು ದಿನದ ಮೇಲೆ, ಘೋಡಗೇರಿಯಿಂದ ಗಂಗವ್ವ ಎಂಬುವಳು ಬಂದಾಗ. ನನ್ನ ವಾರಗೆಯವಳು, ಹೊಲದ ಕೂಲಿಗೆ ಹೋಗುವವಳು. ಗಂಡ ತೀರಿಕೊಂಡು ಮೂರು ದಿನ ಆಗಿತ್ತು. "ನಮ್ಮ ತಂಗೀ ಲಗ್ನದಾಗ ನಿಮ್ಮ ಯಜಮಾನ್ರು ಒಂದು ಫೋಟೊ ಹೊಡದಿದ್ರಿ. ಅದರಾಗ ನಮ್ಮನಿಯಾಂವ ತೆಂಗಿನಕಾಯಿ ಹಿಡಕೊಂಡು ನಿಂತಾನ. ಬ್ಯಾರೆ ಫೋಟೊ ಇಲ್ಲ ಅವಂದು," ಎಂದಳು. ಮಹಾಂತೇಶ ಹುಡುಕಿದ. ಸ್ಕ್ರೀನಿನ ಮೇಲೆ ಹುಡುಕುವವನ ಬೆನ್ನು ನೋಡಿದರೂ ಗೊತ್ತಾಗುತ್ತದೆ. ಮೊದಲು ಸಡಿಲವಿತ್ತು, ಆಮೇಲೆ ಸೆಟೆಯಿತು, ಆಮೇಲೆ ಕುಸಿಯಿತು. ಗಂಗವ್ವನಿಗೆ ವಾರ ಬಿಟ್ಟು ಬರಲು ಹೇಳಿದ. ಆಕೆ ಹೋದ ಮೇಲೆ, "ಅವ್ವಾ, ಅಪ್ಪ ತಗದ ಫೋಟೊ ಒಂದೂ ಇಲ್ಲ," ಎಂದ. ಆ ಕ್ಷಣವೇ ಹೇಳಬೇಕಿತ್ತು. ಬಾಯಿ ತೆರೆಯಿತು, ಹಾಜರಿ ಕರೆದಾಗಲೂ ಅದು ಹಾಗೆಯೇ ತೆರೆದುಕೊಳ್ಳುತ್ತಿತ್ತು.

ಇಂಜಿನಿಯರ್ ಮತ್ತೆ ಬಂದು ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು, ನಾನು ಅವರ ಕಡೆ ಒಮ್ಮೆ ನೋಡಿದೆ. ಇಷ್ಟು ದೊಡ್ಡ ಕೆಲಸವನ್ನು ಬಸ್ಸಿನಿಂದ ಫೋನಿನಲ್ಲಿ ಒಬ್ಬ ಮುದುಕಿಗೆ ಒಪ್ಪಿಸಿದೆ ಎಂದು ಅವರು ಹೇಳುವಂತಿರಲಿಲ್ಲ. "ಕರೆಂಟ್ ಹೋಗಿ ಬಂದಾಗ ಹಿಂಗಾಗತೈತ್ರಿ. ಹುಕ್ಕೇರಿ ಪೆಟ್ಟಿಗೀನ ಖರೆ ಅಂತ ಹಿಡಕೊಂಡಾವ ಇವು," ಎಂದಷ್ಟೇ ಹೇಳಿದರು. ಬ್ಯಾಕಪ್ ಇತ್ತಲ್ಲ ಎಂದು ಮಹಾಂತೇಶ ಕೇಳಿದ. "ಇನ್ನೊಂದು ಕಡೆ ಇದ್ದರ ಅದಕ್ಕ ಬ್ಯಾಕಪ್ ಅಂತಾರ್ರಿ. ನಿಮ್ಮಲ್ಲೆ ಇದ್ದದ್ದ ಅದೊಂದು," ಎಂದರು. ಅಂಗಡಿಯ ಹಳೆಯ ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಆ ಫೋಟೊಗಳ ಸಣ್ಣ ಸಣ್ಣ ನೆರಳುಗಳು ಸಿಕ್ಕವು. ಒಂದೊಂದು ನನ್ನ ಹೆಬ್ಬೆರಳಿನ ಉಗುರಿನಷ್ಟು. ಮುಖ ಇದೆ ಎಂದು ಗೊತ್ತಾಗುತ್ತದೆ, ಯಾರದೆಂದು ಹೇಳಲು ಮನೆಯವರೇ ಬೇಕು.

ಹುಕ್ಕೇರಿ ಪೆಟ್ಟಿಗೆ ಎಂಬ ಮಾತು ಈರಪ್ಪನ ಕಿವಿಗೆ ಬಿದ್ದದ್ದೇ ತಡ, ಎರಡು ವರ್ಷದ ಸಿಟ್ಟಿಗೆ ದಾರಿ ಸಿಕ್ಕಿತು. ಈ ಸಲ ನನ್ನ ಮೂಲಕ ಹೇಳಿಸಲಿಲ್ಲ, ನೇರ ಅವಳಿಗೇ ಫೋನು ಮಾಡಿದ. "ದಿನಾ ಗುಂಡಿ ಆರಿಸಿ ಹೋಗತಿದ್ದಿ, ಈಗ ನೋಡು. ನಮ್ಮಣ್ಣನ ನಲವತ್ತು ವರ್ಷದ ದುಡಿಮಿ ನಿನ್ನ ಖಾಲಿ ಪೆಟ್ಟಿಗಿ ನುಂಗಿತು," ಎಂದನಂತೆ. ಸುನಂದಾ ನನಗೆ ಫೋನು ಮಾಡಿ ಅತ್ತಳು. "ಅಪ್ಪನ್ನ ನಾನ ಎರಡನೇ ಸಲ ಕಳದ್ನಂತ ಅವ್ವಾ. ಬೋರ್ಡು ಇಳಿಸಿಬಿಡತೇನಿ. ನಾ ಬ್ಯಾರೆ, ಅವರು ಬ್ಯಾರೆ." ನಾನು "ಹಂಗನಬ್ಯಾಡ" ಎಂದೆ. ಮಗಳು ಮಾಡದ ತಪ್ಪಿಗೆ ಅಳುತ್ತಿದ್ದಾಳೆ, ಮಾಡಿದವಳು ಫೋನಿನ ಈ ಕಡೆ ಕೂತು ಸಮಾಧಾನ ಹೇಳುತ್ತಿದ್ದಾಳೆ. ಇಂಥ ತಾಯಿಯನ್ನು ನೀವು ಪುಸ್ತಕದಲ್ಲಿ ಓದಿದ್ದರೆ ಪುಟ ಹರಿಯುತ್ತಿದ್ದಿರಿ.

ರವಿವಾರ ಈರಪ್ಪನನ್ನೂ ಸುನಂದಾಳನ್ನೂ ಗೋಕಾಕಕ್ಕೆ ಕರೆಸಿದೆ. ಬೋರ್ಡು ಇರಬೇಕೋ ಇಳಿಯಬೇಕೋ ಎಂಬ ಮಾತು. ಇಂಜಿನಿಯರೂ ಬಂದು ಮೂಲೆಯಲ್ಲಿ ಕೂತಿದ್ದರು. ನಾನು ಬೆಳಗಿನಿಂದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅದೇ ಮಾತನ್ನು ಅಭ್ಯಾಸ ಮಾಡಿದ್ದೆ. ಮೂವತ್ತು ರೊಟ್ಟಿ ಆದವು, ತಿನ್ನುವವರು ಐದು ಜನ. ಈರಪ್ಪ ಮಾತು ಶುರು ಮಾಡುವ ಮೊದಲೇ ಹೊರಗೆ ಬಂದು, ಸೆರಗು ಹೊದ್ದು, ಗೋಡೆ ನೋಡುತ್ತ ಹೇಳಿಬಿಟ್ಟೆ: "ಹುಕ್ಕೇರಿ ಅಂತ ಬರದಾಕಿ ನಾನು. ಗುಂಡಿ ಒತ್ತಿದಾಕಿ ನಾನು. ಸುನಂದಾಂದು ಏನೂ ತಪ್ಪಿಲ್ಲ."

ಮದುವೆಯಾಗಿ ಬಂದಂದಿನಿಂದ ನಾನು ಈರಪ್ಪನ ಎದುರು ಒಂದೇ ಉಸಿರಿನಲ್ಲಿ ಮೂರು ಮಾತು ಆಡಿದ್ದು ಅದೇ ಮೊದಲು. ಅವನ ಕಣ್ಣು ತೇವವಾಯಿತು.

"ವೈನಿ, ಕುಂದರ್ರಿ ನೀವು," ಎಂದ. "ತಾಯಿ ಕರಳು ಅದು, ನಮಗ ತಿಳೀತೈತಿ. ಮಗಳ ಸಲುವಾಗಿ ತಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ."

"ಖರೆನ ನಾನ."

"ಅವ್ವಾ," ಎಂದ ಮಹಾಂತೇಶ ಮೆತ್ತಗೆ, "ನಿನಗ ಮೊಬೈಲ್‌ನ್ಯಾಗ ನನ್ನ ನಂಬರ್ ಹಚ್ಚಾಕ ಬರೂದುಲ್ಲ. ಸರ್ವರ್ ಹೆಂಗ ಜೋಡಸ್ತಿ?"

ನಾನು ಇಂಜಿನಿಯರ ಕಡೆ ನೋಡಿದೆ. ಅವರು ಚಹಾದ ಬಟ್ಟಲಿನೊಳಗೆ ನೋಡುತ್ತ, "ಛೇ ಛೇ, ಅವ್ವಾರು ಮುಟ್ಟಿಲ್ರಿ. ಅದು ಕರೆಂಟಿಂದ," ಎಂದರು. ನನ್ನನ್ನು ಉಳಿಸುತ್ತಿದ್ದೇನೆ ಎಂದು ತಿಳಿದರೋ, ತಮ್ಮನ್ನೋ, ಹೇಳಲಾರೆ.

ಈರಪ್ಪ ಎದ್ದು ಸುನಂದಾಳ ಹತ್ತಿರ ಹೋದ. "ಇಷ್ಟು ನಾಚಿಕಿ ಮನಶ್ಯಾರು ನಿನ್ನ ಸಲುವಾಗಿ ನಾಕ ಮಂದ್ಯಾಗ ಸುಳ್ಳು ಹೇಳಿದ್ರವ್ವಾ. ಇನ್ನ ನಾ ಏನ್ ಮಾತಾಡ್ಲಿ? ಹೋದದ್ದು ಹೋತು. ಬೋರ್ಡಿನ ಮಾತು ಬ್ಯಾಡ," ಎಂದ. ಸುನಂದಾ "ಕಾಕಾ" ಎಂದು ಅತ್ತಳು. ಎರಡು ವರ್ಷ ನಾನು ಶಬ್ದ ಉದುರಿಸಿ ಉದುರಿಸಿ ಕಾಯ್ದುಕೊಂಡು ಬಂದ ಮನೆತನ, ನಾನು ಆಡಿದ ಒಂದು ನಿಜವನ್ನು ಎಲ್ಲರೂ ಕೂಡಿ ಸುಳ್ಳು ಎಂದು ಹಿಡಿದದ್ದರಿಂದ ಒಂದಾಯಿತು. ಮೂವತ್ತು ರೊಟ್ಟಿಯೂ ಖರ್ಚಾದವು. ನಾನು ಸಂತೋಷಪಡಬೇಕಿತ್ತು. ಆದರೆ ಹೊರಡುವಾಗ ಸುನಂದಾ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು, "ಅವ್ವಾ, ಇನ್ನ ನನ್ನ ಸಲುವಾಗಿ ಹಿಂಗ ಹೇಳಬ್ಯಾಡ. ನಾನ ಎಲ್ಲೋ ಏನೋ ಒತ್ತಿರಬೇಕು. ನೆನಪಾಗವಲ್ದು," ಎಂದಳು. ಈಗ ಅವಳೇ ನಂಬಿಬಿಟ್ಟಿದ್ದಾಳೆ. ಅದನ್ನು ಅವಳ ತಲೆಯಿಂದ ಅಳಿಸಲು ನನಗೆ ಬರುವುದಿಲ್ಲ. ನನಗೆ ಅಳಿಸಲು ಬಂದದ್ದು ಬೇರೆ.

ಹೇಳಿದ ದಿನಕ್ಕೆ ಗಂಗವ್ವ ಬಂದಳು. ಮಹಾಂತೇಶ ಆ ಉಗುರಿನಷ್ಟು ಫೋಟೊವನ್ನು ಸಾಧ್ಯವಾದಷ್ಟು ದೊಡ್ಡದು ಮಾಡಿ ಕಟ್ಟು ಹಾಕಿಸಿಟ್ಟಿದ್ದ. ಹೊಗೆಯ ಹಿಂದೆ ಯಾರೋ ನಿಂತಂತೆ ಇತ್ತು. ತೆಂಗಿನಕಾಯಿ ಮಾತ್ರ ಸ್ಪಷ್ಟ. ನಾನು ತಲೆ ತಗ್ಗಿಸಿ ಕೊಟ್ಟೆ. ಆಕೆ ಸೆರಗಿನಿಂದ ಗಾಜು ಒರೆಸಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ನನ್ನ ಕಣ್ಣಿಗೆ ಈಗ ಎಲ್ಲಾರೂ ಹಿಂಗ ಕಾಣತಾರ ಬಿಡ್ರಿ ಅಕ್ಕಾರ," ಎಂದಳು.

ಫೋಟೊದ ಕೆಳಗೆ ಹೆಸರು ಬರೆಸಬೇಕಿತ್ತು. ಮಹಾಂತೇಶ ಹೊರಗೆ ಹೋಗಿದ್ದ, ಕೇಳುವ ಕೆಲಸ ನನಗೆ ಬಂತು. "ಹೆಸರು ಏನಂತ ಹಾಕೂಣು?" ಎಂದೆ. ಆಕೆ ನಕ್ಕಳು, ನೆಲ ನೋಡಿದಳು. "ಅದನ್ನ ನಮ್ಮ ಮಗ ಫೋನ್ ಮಾಡಿ ಹೇಳತಾನ್ರಿ," ಎಂದಳು. ನಾವಿಬ್ಬರೂ ಕೌಂಟರಿನ ಎರಡು ಬದಿಗೆ ಕೂತೆವು. ಯಾಕೋ ಆಕೆಗೆ ಹೇಳಬೇಕೆನಿಸಿತು. ಖಾಲಿ ಖಾನೆ, ಬೆರಳು, ಹುಕ್ಕೇರಿ, ಎಲ್ಲ ಹೇಳಿದೆ.

"ಹೆಂಗ ಬರದೀರಿ?" ಎಂದಳು ಕೊನೆಗೆ. "ನಾನಾದ್ರೂ ಬರೀತಿದ್ದಿಲ್ಲ."

ನನ್ನನ್ನು ನಂಬಿದವಳು ಆಕೆಯೊಬ್ಬಳೇ. ಹೆಚ್ಚು ಕಳೆದುಕೊಂಡವಳೂ ಆಕೆಯೇ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಆಕೆ ಬೈಯಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಫೋಟೊವನ್ನು ಮಗುವಿನಂತೆ ಎತ್ತಿಕೊಂಡು ಹೋದಳು.

ಇಷ್ಟನ್ನು ನಾನು ಸಾಲೆಯ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಿ, ಮೂರೂ ಮನೆಯ ಮೊಮ್ಮಕ್ಕಳಿಗೂ ಸಿಗಲೆಂದು ಇನ್ನೆರಡು ಪ್ರತಿ ನಕಲು ಮಾಡಲು ಕೂತೆ. ಕೈಯಿಂದ ಮಾಡುವ ನಕಲು, ಕರೆಂಟಿನ ಭಯವಿಲ್ಲ. ಮುಗಿದ ಮೇಲೆ ಮೂರನ್ನೂ ಪಕ್ಕದಲ್ಲಿಟ್ಟು ಓದಿ ನೋಡಿದೆ. ಮೊದಲನೆಯದರಲ್ಲಿ, ಯಾವುದು ಬರೆಯಬೇಕೆಂದು ಗೊತ್ತಿದ್ದೂ ಬೇರೆ ಬರೆದೆ ಎಂದಿದೆ. ಎರಡನೆಯದರಲ್ಲಿ ಇಂಜಿನಿಯರ ಅವಸರ ಸ್ವಲ್ಪ ಬೆಳೆದಿದೆ, ಫೋನಿನಲ್ಲಿ ಊರಿನ ಹೆಸರು ಸರಿಯಾಗಿ ಕೇಳಿಸಲಿಲ್ಲ ಎಂದು ಒಂದು ಸಾಲು ತಾನಾಗಿ ಬಂದು ಕೂತಿದೆ. ಮೂರನೆಯದರಲ್ಲಿ ಕರೆಂಟ್ ಎರಡು ಸಲ ಹೋಗಿದೆ, ನಾನು ಗುಂಡಿ ಒತ್ತಿದ್ದು ಎಲ್ಲಿದೆಯೆಂದು ಹುಡುಕಬೇಕು. ಇನ್ನೊಂದು ಪ್ರತಿ ಮಾಡಿದ್ದರೆ ಆ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತಿರಲಿಲ್ಲ.

ಮತ್ತೆ ಮೂರನ್ನೂ ಒಂದೇ ಸಮ ಮಾಡುವ ಶಕ್ತಿ ನನಗಿಲ್ಲ, ಕಣ್ಣೂ ನೋಯುತ್ತವೆ. ಆದ್ದರಿಂದ ಮೊದಲನೆಯದಕ್ಕೇ ತಿರುಗಿ ಬಂದು ಈ ಕೊನೆಯ ಸಾಲುಗಳನ್ನು ಸೇರಿಸಿ, ಅದನ್ನು ಹುಕ್ಕೇರಿಗೆ, ಸುನಂದಾಳ ಮಕ್ಕಳಿಗೆ ಕಳಿಸುತ್ತಿದ್ದೇನೆ; ಉಳಿದೆರಡು ಗೋಕಾಕದವರಿಗೂ ಮೂಡಲಗಿಯವರಿಗೂ. ಮುಂದೆ ಎಂದಾದರೂ ನೀವೆಲ್ಲ ಕೂಡಿದಾಗ ಮೂರನ್ನೂ ಓದಿ, ನಮ್ಮ ಆಯಿಯ ಕಥೆ ಒಂದೊಂದು ಮನೆಯಲ್ಲಿ ಒಂದೊಂದು ತರ ಇದೆಯಲ್ಲ ಎಂದು ಜಗಳ ಬಂದರೆ, ಹುಕ್ಕೇರಿಯದೇ ಖರೆ ಎಂದು ಹಿಡಿಯಿರಿ. ಮೊದಲ ಸಲ ನಾನು ಹಾಗೆ ಹೇಳಿದಾಗ ಏನಾಯಿತೆಂದು ಬಲ್ಲೆ. ಆದರೂ ಈ ಸಲ ಕೇಳಿ.